ಭವಿಷ್ಯದ ಪಂಚಾಂಗ, 1982ರ ಮುದ್ರಣ

ಫ್ರಾನ್ಸಿನ ಲಿಯೋನ್ ನಗರದಲ್ಲಿ ಪ್ರತಿ ಡಿಸೆಂಬರ್ 8ರಂದು ಜನ ಕಿಟಕಿಗಳಲ್ಲಿ ಸಾಲಾಗಿ ದೀಪ ಹಚ್ಚಿಡುತ್ತಾರೆ. ಸಿನಿಮಾ ಕಂಡುಹಿಡಿದ ಲೂಮಿಯೇರ್ ಸೋದರರು ಬಾಳಿದ್ದೂ ಅಲ್ಲೇ; ಆ ಮನೆತನದ ಹೆಸರಿಗೇ ಬೆಳಕು ಎಂದರ್ಥ. ಇಷ್ಟೊಂದು ಬೆಳಕು ಕಣ್ಣಿಗೆ ಚುಚ್ಚಿತೋ ಏನೋ, ಆ ಊರಿನ ಮೈಕ್ ಲೆವಿ ಎಂಬ ಸಂಗೀತಗಾರ ಕತ್ತಲನ್ನೇ ಕಸುಬಾಗಿಸಿಕೊಂಡ. ಮೈಕ್ ಎಂದರೆ ಮಕ್ಕಳೂ ಹೆದರುವುದಿಲ್ಲ. ಅದಕ್ಕೇ ‘ಸಕಲ ಕಲೆಗಳ ಸಂಗಮ’ ಎಂಬರ್ಥದ ಜರ್ಮನ್ ಪದವೊಂದಕ್ಕೆ ಐನ್‌ಸ್ಟೈನನ ಬಾಲ ಅಂಟಿಸಿ ಗೆಸಾಫೆಲ್‌ಸ್ಟೈನ್ ಆದ. ವಿನಯ ಎಂದರೆ ಇದು.

ಆತನ ‘ಗಾಮಾ’ ಆಲ್ಬಮ್ ಬಂದದ್ದು 2024ರ ಮಾರ್ಚ್‌ನಲ್ಲಿ. ಮುಖಕ್ಕೆ ಕರಿಗಲ್ಲು ಕಡೆದಂಥ ಮುಖವಾಡ, ಮೈಗೆ ಕಪ್ಪು, ಹಿಂದೆ ಮುಂದೆ ಕಪ್ಪು. ಹನ್ನೊಂದು ಹಾಡು, ಅರ್ಧ ಗಂಟೆಯೂ ಇಲ್ಲ. ನಮ್ಮ ವಿದ್ವಾಂಸರು ತಂಬೂರಿ ಶ್ರುತಿ ಮಾಡಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇವರ ಪ್ರಳಯ ಮುಗಿದು, ಸಾಮಾನು ಲಾರಿಗೆ ಹತ್ತಿರುತ್ತದೆ.

ಕೇಳಲು ಕೆಟ್ಟದಾಗಿಲ್ಲ, ಅದೇ ಸಂಕಟ. ತಗ್ಗಿನ ಸ್ವರ ಗುದ್ದಿದಾಗ ಎದೆ ನಡುಗುವುದು ನಿಜ. ಆದರೆ ಈ ಜಾತಿಯ ಸಂಗೀತವನ್ನೆಲ್ಲ ‘ನಾಳೆಯ ನಾದ’ ಎಂದು ಮಾರುತ್ತಾರಲ್ಲ, ಯಾವ ನಾಳೆ ಸ್ವಾಮಿ? ಎಲೆಕ್ಟ್ರೋ ಎಂಬ ಈ ಸಂಗೀತಕ್ಕೆ ತಾಳ ಹಾಕಿಕೊಟ್ಟ ರೋಲ್ಯಾಂಡ್ 808 ಯಂತ್ರ ಹುಟ್ಟಿದ್ದು 1980ರಲ್ಲಿ. 1983ಕ್ಕೆ ಅದರ ತಯಾರಿಕೆಯೇ ನಿಂತಿತು. ‘ಪ್ಲಾನೆಟ್ ರಾಕ್’ ಎಂಬ ಎಲೆಕ್ಟ್ರೋ ಹಾಡು 1982ರದು. ಮಳೆ, ನಿಯಾನ್, ಹಾರುವ ಕಾರುಗಳ ‘ಬ್ಲೇಡ್ ರನ್ನರ್’ ಸಿನಿಮಾ ಕೂಡ 1982ರದೇ. ಅದರ ಕಥೆ ನಡೆಯುವುದು 2019ರ ನವೆಂಬರ್‌ನಲ್ಲಿ. ಆ ನವೆಂಬರ್ ಬಂತು, ಹೋಯಿತು, ಕಾರುಗಳು ಸಿಗ್ನಲ್ಲಿನಲ್ಲೇ ನಿಂತಿದ್ದವು. ಭವಿಷ್ಯ ತೀರಿಕೊಂಡಿದ್ದರೂ ಇವರು ವರ್ಷಾವರ್ಷ ತಪ್ಪದೆ ತಿಥಿ ಮಾಡುತ್ತಿದ್ದಾರೆ, ಶ್ರದ್ಧೆ ಮೆಚ್ಚಬೇಕು.

ಮೊದಲು ಈ ಕತ್ತಲಿಗೊಂದು ಕಾರಣವಿತ್ತು. 1983ರಲ್ಲಿ ‘ಸೈಬೊಟ್ರಾನ್’ ತಂಡ ‘ಕ್ಲಿಯರ್’ ಹಾಡು ಹೊರತಂದ ಡೆಟ್ರಾಯಿಟ್‌ನಲ್ಲಿ ಕಾರು ಕಾರ್ಖಾನೆಗಳಿಗೆ ಬೀಗ ಬೀಳುತ್ತಿತ್ತು. ಅಲ್ಲಿ ಯಂತ್ರದ ಭಯ ಮನೆಯ ಅಡುಗೆ ಒಲೆಯವರೆಗೂ ಬಂದಿತ್ತು. ಈಗ ಅದೇ ಭಯ ಚೆಂದವಾಗಿ ಇಸ್ತ್ರಿ ಮಾಡಿದ ಸೂಟಿನಲ್ಲಿ ಬರುತ್ತದೆ.

ಇನ್ನು ನಮ್ಮ ಚರಣ್‌ಜಿತ್ ಸಿಂಗ್. ಮುಂಬೈಯ ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಕಲಾವಿದ. 1982ರಲ್ಲಿ ಅದೇ 808, ಜೊತೆಗೆ 303 ಎಂಬ ಇನ್ನೊಂದು ರೋಲ್ಯಾಂಡ್ ಡಬ್ಬಿ ಇಟ್ಟುಕೊಂಡು ಭೈರವ್, ತೋಡಿ, ಯಮನ್ ಅಂತ ಹತ್ತು ರಾಗ ನುಡಿಸಿದ. ಯಾರೂ ಕೊಳ್ಳಲಿಲ್ಲ. 2010ರಲ್ಲಿ ಆ ಆಲ್ಬಮ್ ಮರುಮುದ್ರಣವಾದಾಗ ‘ಅಯ್ಯೋ, ಷಿಕಾಗೋಗಿಂತ ಮೊದಲೇ ಆ್ಯಸಿಡ್ ಹೌಸ್ ಸಂಗೀತ!’ ಎಂದು ಪಶ್ಚಿಮದವರು ಮೂಗಿನ ಮೇಲೆ ಬೆರಳಿಟ್ಟರು. ಪಾಪ, ಆತ ಮಾಡಿದ ತಪ್ಪು ಒಂದೇ: ಆಲ್ಬಮ್ಮಿನ ಹೆಸರಿನಲ್ಲಿ ಡಿಸ್ಕೋ ಎಂದು ಸೇರಿಸಿದ್ದು. ‘ಸರ್ವನಾಶ’ ಎಂದಿಟ್ಟು ತಲೆಗೊಂದು ಕಪ್ಪು ಬಕೆಟ್ ಬೋರಲು ಹಾಕಿಕೊಂಡಿದ್ದರೆ ಬಾಳು ಬಂಗಾರವಾಗುತ್ತಿತ್ತು. ನಡುರಾತ್ರಿಯ ಮಾಲ್‌ಕೌಂಸ್ ಕೂಡ ಆ ಹತ್ತರಲ್ಲಿತ್ತು, ಕತ್ತಲಿಗೇನು ಕಡಿಮೆ?

ಮೊನ್ನೆ ರಾತ್ರಿ ದೀಪ ಆರಿಸಿ, ನಿಯಮದಂತೆ, ‘ಗಾಮಾ’ ಇನ್ನೊಮ್ಮೆ ಕೇಳಿದೆ. ಕೊನೆಯ ಹಾಡು ಮುಗಿದ ಮೇಲೆ ಮೊಬೈಲು ತಾನಾಗಿಯೇ ಡಿಪೆಶ್ ಮೋಡ್ ತಂಡದ 1986ರ ಆಲ್ಬಮ್ ಶುರು ಮಾಡಿತ್ತಂತೆ. ಮೂರು ಹಾಡಿನವರೆಗೂ ನನಗೆ ಗೊತ್ತೇ ಆಗಲಿಲ್ಲ.