ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು

“ಒಳ್ಳೆಯದೊಂದು ಟ್ರಾನ್ಸ್‌ಪೋರ್ಟ್ ಹುಡುಕ್ತಿದ್ದೀನಿ ಕಣೇ” ಎಂದೆ. ಹುಳಿಗೆ ಒಗ್ಗರಣೆ ಹಾಕುತ್ತಿದ್ದ ನಮ್ಮಾಕೆ ಸೌಟು ಹಿಡಿದೇ ತಿರುಗಿದಳು. “ಯಾಕ್ರೀ, ಓನರ್ ಮನೆ ಬಿಡಿ ಅಂದ್ರಾ?”

ಲಾರಿಯಲ್ಲ ಮಾರಾಯ್ತಿ, ಸಿ.ಡಿ. ಟ್ರಾನ್ಸ್‌ಪೋರ್ಟ್. ಪ್ಲೇಯರ್ ಆದರೆ ಓದಿ ಹಾಡುತ್ತದೆ. ಇದು ಬರೀ ಓದುತ್ತದೆ. “ಹಾಡದೇ ಇರೋದಕ್ಕೆ ಜಾಸ್ತಿ ದುಡ್ಡಾ?” ಎಂದಳು. 1982ರಲ್ಲಿ ಸಿ.ಡಿ. ಪೇಟೆಗೆ ಬಂದಾಗಿನಿಂದ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದವರು ಕಡಿಮೆ.

ಗಮಕದ ಮೊರೆಹೊಕ್ಕೆ. ಭಾರತ ವಾಚನದಲ್ಲಿ ಪದ್ಯ ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು. ಲೇಸರ್ ಕಣ್ಣಿನಿಂದ ಸಿ.ಡಿ.ಯ ಗುಳಿಗಳನ್ನು ನೋಡಿ ಸೆಕೆಂಡಿಗೆ 44,100 ಸಲ ಅಂಕಿ ಒಪ್ಪಿಸುವ ಟ್ರಾನ್ಸ್‌ಪೋರ್ಟ್ ಗಮಕಿ. ಆ ಅಂಕಿಗಳನ್ನು ನಾದವಾಗಿಸುವ ಡ್ಯಾಕ್ ವ್ಯಾಖ್ಯಾನಕಾರ. ವ್ಯಾಖ್ಯಾನಕಾರರು ನಮ್ಮ ಮನೆಯಲ್ಲಿ ಆಗಲೇ ಇದ್ದರು, ಕಂಪ್ಯೂಟರಿಗೆ ಕಟ್ಟುಬಿದ್ದು.

ಅಂಗಡಿಗೆ ಹೋದೆ. ಅಂಗಡಿಯವನು ಭಾರದ ಪೆಟ್ಟಿಗೆಯೊಂದನ್ನು ತೋರಿಸಿ “ಎತ್ತಿ ನೋಡಿ ಸಾರ್” ಎಂದ. ಹಲಸಿನಹಣ್ಣಿನಂತೆ ಎತ್ತಿ ನೋಡಿದೆ. ಆಮೇಲೆ ‘ಜಿಟರ್’ ಎಂದು ಹೆದರಿಸಿದ: ಅಂಕಿಗಳು ತಾಳ ತಪ್ಪಿ ಬರುವ ರೋಗ. ಈಗಿನ ಒಳ್ಳೆಯ ಡ್ಯಾಕ್‌ಗಳು ಆ ತಾಳವನ್ನು ತಾವೇ ಸರಿಮಾಡಿಕೊಳ್ಳುತ್ತವೆ, ನಾನು ಹೆದರಲಿಲ್ಲ.

ನನ್ನ ಹೆದರಿಕೆಯೇ ಬೇರೆ. ಸಿ.ಡಿ. ಓದು ಒಳಸುತ್ತಿನಿಂದ ಶುರುವಾಗುತ್ತದೆ. ಆಗ ತಟ್ಟೆ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗಿ, ಅಂಚಿಗೆ ಹೋಗುವಷ್ಟರಲ್ಲಿ 200ಕ್ಕೆ ಇಳಿಯುತ್ತದೆ. ಅಂದರೆ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಆಲಾಪವನ್ನು ಮೆಲ್ಲಗೆ ಎತ್ತಿಕೊಳ್ಳುವ ಹೊತ್ತಿಗೇ ಮೋಟಾರಿನ ಭರಾಟೆ ಜಾಸ್ತಿ! ಅದಕ್ಕೇ ಜೇಬಿನಲ್ಲಿ ಮನ್ಸೂರರದೇ ಒಂದು ಸಿ.ಡಿ. ಒಯ್ದಿದ್ದೆ, ಮೊಮ್ಮಗ ಕಾರು ಓಡಿಸಿದ ಗೀರುಗಳ ಸಮೇತ. ಹುಳು ತಿಂದ ಓಲೆಗರಿಯ ಅಕ್ಷರವನ್ನು ಬಲ್ಲವರು ಛಂದಸ್ಸು ನೋಡಿ ತುಂಬಿಕೊಳ್ಳುವ ಹಾಗೆ, ಓದಿನ ಜಾಡಿನಲ್ಲಿ ಸುಮಾರು 2.5 ಮಿ.ಮೀ. ಅಳಿಸಿಹೋದರೂ ತಿದ್ದಿಕೊಳ್ಳುವ ಲೆಕ್ಕ ಸಿ.ಡಿ.ಯಲ್ಲೇ ಇದೆ. ಆದರೆ ಕಣ್ಣು ಜಾಡಿನ ಮೇಲೆ ನಿಲ್ಲಬೇಕಲ್ಲ.

ಅತಿ ಭಾರದ ಪೆಟ್ಟಿಗೆ ಹಿಟ್ಟಿನ ಗಿರಣಿಯಂತೆ ಗುಂಯ್‌ಗುಟ್ಟಿತು. ಎರಡನೆಯದು ಸಿ.ಡಿ.ಯನ್ನು ಹೊರಕ್ಕೆ ದಬ್ಬಿತು. ಮೂರನೆಯದು ಹಗುರ, ಅಗ್ಗ. ಸದ್ದಿಲ್ಲದೆ ನುಂಗಿ ಓದತೊಡಗಿತು. ಲೇಸರ್ ಕೆಟ್ಟರೆ ಬದಲಿ ಸಿಗುತ್ತದೆಂದು ಖಾತ್ರಿಮಾಡಿಕೊಂಡು ಅದನ್ನೇ ಕಟ್ಟಿಸಿದೆ. ಅಂಗಡಿಯವನ ಮುಖ ಸಪ್ಪಗಾಯಿತು.

ಮನೆಗೆ ಬಂದು ನೋಡಿದರೆ ಡ್ಯಾಕ್‌ಗೆ ಜೋಡಿಸುವ ಕೇಬಲ್ ಪೆಟ್ಟಿಗೆಯಲ್ಲಿಲ್ಲ. ಮರುದಿನ ಭಾನುವಾರ, ಅಂಗಡಿ ರಜ. ಆದರೂ ಸಿ.ಡಿ. ಹಾಕಿದೆ. ಪೆಟ್ಟಿಗೆಯ ಮುಖದ ಮೇಲೆ ಅಂಕಿಗಳು ಓಡಿದವು, ಸದ್ದಿಲ್ಲ. ನಮ್ಮಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಆ ಅಂಕಿಗಳನ್ನೇ ನೋಡಿದಳು.

“ಚೆನ್ನಾಗಿ ಓದ್ತಿದೆ ಕಣ್ರೀ.”