ಚಾವಣಿಗೆ ತೂತು ಕೊರೆಯುವ ಮಹನೀಯರಿಗೊಂದು ಬಹಿರಂಗ ಪತ್ರ

ಇಂಟೀರಿಯರ್ ಡಿಸೈನರ್ ಮಹೋದಯರೇ,

ಬೆಂಗಳೂರಿನ ಹೊರವಲಯದ ನಮ್ಮ ಮೂವತ್ತು–ನಲವತ್ತರ ಸೈಟಿನ ಮನೆಗೆ ತಾವು ಕಳಿಸಿದ ದೀಪಗಳ ನಕ್ಷೆ ಮತ್ತು ಕೊಟೇಶನ್ ತಲುಪಿದವು. ಮನೆಮಂದಿಯೆಲ್ಲ ಸುತ್ತ ಕೂತು ನೋಡಿದೆವು. 12 ಅಡಿ ಅಗಲ, 16 ಅಡಿ ಉದ್ದದ ಹಾಲಿನ ನೆತ್ತಿಯ ಮೇಲೆ ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು ಹದಿನಾರು ಸೊನ್ನೆ. ನಮ್ಮಮ್ಮ ಅದನ್ನು ಚುಕ್ಕಿ ರಂಗೋಲಿ ಎಂದುಕೊಂಡು, "ಗೆರೆ ಎಳೆಯೋದು ಯಾವಾಗ?" ಎಂದು ಕೇಳಿದರು. ಅವು ಜಿಪ್ಸಂ ಚಾವಣಿಯೊಳಗೆ ಹುದುಗಿ ಕೂರುವ ಕಾಬ್ ಲೈಟುಗಳು ಎಂದು ತಿಳಿಸಿದೆ. ಮನೆಗೆ ಬಂದವರಿಗೆ ದೀಪ ಕಾಣಬಾರದು, ಬೆಳಕು ಮಾತ್ರ ಕಾಣಬೇಕು ಎಂಬ ತಮ್ಮ ತತ್ವವನ್ನೂ ವಿವರಿಸಿದೆ. "ಬಿಲ್ ಕಾಣುತ್ತಲ್ಲ, ಸಾಕು" ಎಂದರು.

ತಮ್ಮ ಕಲೆಯ ಬಗ್ಗೆ ನನಗೆ ಗೌರವವಿದೆ. ಆದರೂ ಹೈಸ್ಕೂಲಿನ ಗಣಿತ ಇನ್ನೂ ಪೂರ್ತಿ ಮರೆತಿಲ್ಲವಾದ್ದರಿಂದ ಕಾಗದ ಪೆನ್ಸಿಲು ಹಿಡಿದೆ. ಹಾಲು 192 ಚದರಡಿ, ಅಂದರೆ ಸುಮಾರು 18 ಚದರ ಮೀಟರ್. ಕೂತು ಹರಟಲು, ಟಿವಿ ನೋಡಲು, ಕಳೆದ ರಿಮೋಟು ಹುಡುಕಲು ಚದರ ಮೀಟರಿಗೆ 150 ಲ್ಯೂಮೆನ್ ಬೆಳಕಿದ್ದರೆ ಧಾರಾಳ. ಒಟ್ಟು 2,700. ಗೋಡೆ, ಪರದೆ, ಧೂಳು ನುಂಗುವ ಪಾಲನ್ನೂ ಸೇರಿಸಿ 4,500 ಎಂದಿಟ್ಟುಕೊಳ್ಳಿ. 10 ವ್ಯಾಟಿನ ಒಂದು ಎಲ್‌ಇಡಿ ದೀಪ ಹತ್ತಿರ ಹತ್ತಿರ 900 ಲ್ಯೂಮೆನ್ ಕೊಡುತ್ತದೆ. ಹಾಗಾದರೆ ಬೇಕಾದದ್ದು ಐದು. ತಾವು ದಯಪಾಲಿಸಿದ್ದು ಹದಿನಾರು. ಅಷ್ಟು ಬೆಳಕಿನಲ್ಲಿ ನಮ್ಮ ಹಾಲಿನಲ್ಲಿ ಒಂದು ಸಬ್‌ರಿಜಿಸ್ಟ್ರಾರ್ ಕಚೇರಿ ನಡೆಸಬಹುದು; ಬಾಡಿಗೆಯಾದರೂ ಬಂದೀತು.

ವಿಚಿತ್ರವೆಂದರೆ ಇಷ್ಟಾದರೂ ನಮ್ಮಪ್ಪನಿಗೆ ಪೇಪರ್ ಓದಲು ಬೆಳಕು ಸಿಗುವುದು ಅದೃಷ್ಟವಿದ್ದರೆ ಮಾತ್ರ. ತಾವು ಆರಿಸಿರುವುದು 24 ಡಿಗ್ರಿಯ ಕಿರಣಕೋನ. ಸ್ಲ್ಯಾಬು ಇರುವುದು 10 ಅಡಿಗೆ. ತಾವು ಚಾವಣಿಯನ್ನು ಅದಕ್ಕಿಂತ ಅರ್ಧ ಅಡಿ ಕೆಳಗಿಳಿಸುತ್ತೀರಿ. ಅಲ್ಲಿಂದ ಕುರ್ಚಿಯಲ್ಲಿ ಕೂತವರ ಕೈಯ ಪೇಪರಿಗೆ ಸುಮಾರು 7 ಅಡಿ. ಅಷ್ಟು ಇಳಿಯುವಷ್ಟರಲ್ಲಿ ಆ ಕಿರಣ ಮೂಡಿಸುವ ವೃತ್ತದ ಅಗಲ ಮೂರೇ ಅಡಿ. ಉದ್ದಕ್ಕೆ ದೀಪದಿಂದ ದೀಪಕ್ಕೆ ನಾಲ್ಕಡಿ. ಅಪ್ಪ ಕುರ್ಚಿಯನ್ನು ಕೊಂಚ ಹಿಂದೆ ಸರಿಸಿದರೆ ಮುಖಪುಟಕ್ಕೆ ಬೆಳಕು, ಸಂಪಾದಕೀಯಕ್ಕೆ ಮಬ್ಬು. ಅದೇ 60 ಡಿಗ್ರಿಯದಾಗಿದ್ದರೆ ಒಂದೊಂದು ದೀಪವೂ ಎಂಟಡಿ ತುಂಬುತ್ತಿತ್ತು. ಆದರೆ ಆಗ ಹದಿನಾರು ಬೇಕು ಎನ್ನಲು ಕಾರಣ ಉಳಿಯುತ್ತಿರಲಿಲ್ಲ ಎಂಬುದು ನನಗೂ ಅರ್ಥವಾಗುತ್ತದೆ.

ನಕ್ಷೆಯಲ್ಲಿ ನಾನು ಹುಡುಕಿದ ಇನ್ನೊಂದು ವಸ್ತು ಸೋಫಾ. ಸಿಗಲಿಲ್ಲ. ಊಟದ ಮೇಜೂ ಇಲ್ಲ, ಟಿವಿಯೂ ಇಲ್ಲ. ಇರುವುದು ಚಾವಣಿ ಮಾತ್ರ, ಅದೂ ಆಕಾಶದಿಂದ ಗರುಡ ನೋಡಿದಂತೆ. ಶಿವನಸಮುದ್ರದಿಂದ ವಿದ್ಯುತ್ ತಂದು 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಾಕಿದವರು ಮೊದಲು ಬೀದಿ ಎಲ್ಲಿದೆ ಎಂದು ನೋಡಿಕೊಂಡಿದ್ದರು. ಆ ಕಾಲದ ಜನ ಸ್ವಲ್ಪ ಹಳೇ ಪದ್ಧತಿಯವರು.

ಮಲಗುವ ಕೋಣೆಯಲ್ಲಿ ಫ್ಯಾನಿನ ರೆಕ್ಕೆಗಳ ನೇರ ಮೇಲಕ್ಕೇ ನಾಲ್ಕು ದೀಪ ಕೂರಿಸಿದ್ದೀರಿ. ಫ್ಯಾನು ತಿರುಗಿದೊಡನೆ ರೆಕ್ಕೆ ಬೆಳಕನ್ನು ಕಡಿಯುತ್ತದೆ, ಗೋಡೆ ಮಿಣುಕುತ್ತದೆ. ಬಾಡಿಗೆಗೆ ಡಿಸ್ಕೊ ಲೈಟು ತರುವ ಖರ್ಚು ಉಳಿಯಿತು ಎಂದು ಮಗ ಖುಷಿಯಾಗಿದ್ದಾನೆ. ತಲೆನೋವಿನ ಮಾತ್ರೆಯ ಖರ್ಚು ಕೊಟೇಶನ್ನಿನ ಯಾವ ಪುಟದಲ್ಲಿದೆ ಎಂದು ನನ್ನ ಹೆಂಡತಿ ಕೇಳುತ್ತಿದ್ದಾಳೆ. ಅಡುಗೆಮನೆಯ ಬಗ್ಗೆಯೂ ಅವಳದೊಂದು ಅಹವಾಲಿದೆ: ಮೂರೂ ದೀಪ ಕೋಣೆಯ ನಡುಮಧ್ಯೆ, ಅವಳ ಬೆನ್ನ ಹಿಂದೆ. ಕಟ್ಟೆಯ ಮುಂದೆ ನಿಂತರೆ ಹುರುಳಿಕಾಯಿಯ ಮೇಲೆ ಬೀಳುವುದು ಅವಳದೇ ನೆರಳು. ಮೇಲಿನ ಕಪಾಟಿನ ಅಡಿಗೆ ಒಂದು ಎಲ್‌ಇಡಿ ಪಟ್ಟಿ ಅಂಟಿಸಿದರೆ ಮುಗಿಯಿತು. ಆದರೆ ಅದರಲ್ಲಿ ತೂತು ಕೊರೆಯುವ ಕೆಲಸವೇ ಇಲ್ಲ, ತಮಗೆ ಹಿಡಿಸದಿರಬಹುದು.

ಇನ್ನು ಕೊಟೇಶನ್. ಸಾಹಿತ್ಯಕೃತಿಯಾಗಿ ಅದು ನನಗೆ ತುಂಬ ಇಷ್ಟವಾಯಿತು. ಮೊದಲ ಪುಟದಲ್ಲಿ ಮುಗುಳ್ನಗೆ: ಇಡೀ ಮನೆಗೆ ದೀಪ 40, ಒಂದಕ್ಕೆ 450 ರೂಪಾಯಿ, ಒಟ್ಟು 18,000. ಇಷ್ಟೇನಾ ಎಂದು ನಿಟ್ಟುಸಿರು ಬಿಟ್ಟು ಪುಟ ತಿರುಗಿಸಿದರೆ ಕಥೆ ಅಲ್ಲಿಂದ ಶುರು. ದೀಪ ಹುದುಗಲು ಚಾವಣಿ ಬೇಕಲ್ಲ? 700 ಚದರಡಿ ಜಿಪ್ಸಂ, ಚದರಡಿಗೆ 110, ಒಟ್ಟು 77,000. ದೀಪಕ್ಕೆ ಕರೆಂಟು ಬೇಕಲ್ಲ? ಪಾಯಿಂಟಿಗೆ 600ರಂತೆ 24,000. ಚಾವಣಿ ಬರಿಮೈಯಲ್ಲಿ ಇರಬಾರದಲ್ಲ? ಪುಟ್ಟಿ, ಪೇಂಟಿಗೆ 24,500. ಅಂಚಿನಲ್ಲಿ ಕೋವ್ ಲೈಟು, ಅದರ ಪ್ರೊಫೈಲು, ಡ್ರೈವರು, 22,000. ಇದೆಲ್ಲ ಹೊಳೆಸಿದ ಮಿದುಳಿಗೆ ಶೇ 10. ಅದರ ಮೇಲೆ ಶೇ 18 ಜಿಎಸ್‌ಟಿ. ಕೂಡಿಸಿದರೆ 2,14,819. ಅಂದರೆ 450 ರೂಪಾಯಿಯ ದೀಪ ನಮ್ಮ ಚಾವಣಿಗೆ ಏರುವ ಹೊತ್ತಿಗೆ 5,370 ರೂಪಾಯಿ ಆಗಿರುತ್ತದೆ. ಲೈಟಿನ ರೇಟು ಕಡಿಮೆ ಮಾಡಿಸಲೆಂದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ಬಿಸಿಲಿಗೆ ಚೌಕಾಸಿ ಮಾಡುವ ಮಂದಿ ನೆನಪಾದರು. ದೀಪಕ್ಕೆ ಐವತ್ತು ರೂಪಾಯಿ ಉಳಿಸಿ ವಿಜಯದ ನಗೆ ಬೀರುತ್ತಾರೆ, ಪಾಪ. ಉಳಿಸಬೇಕಾದದ್ದು ತೂತುಗಳ ಸಂಖ್ಯೆ.

ಇಷ್ಟು ವಿವರವಾಗಿ ಬರೆದ ಮೇಲೂ ತಾವು ಒಂದು ಸಾಲು ಬಿಟ್ಟಿದ್ದೀರಿ. ಎಲ್‌ಇಡಿ ಬಹಳ ವರ್ಷ ಬಾಳುತ್ತದೆ ನಿಜ. ಆದರೆ ಅದರ ಡ್ರೈವರು ಚಾವಣಿಯೊಳಗಿನ ಸೆಕೆಯಲ್ಲಿ ಬೆಂದು ಮೊದಲೇ ಕೈಕೊಡುತ್ತದೆ. ಆಗ ಅಂಗಡಿಗೆ ಹೋದರೆ ಆ ಮಾಡೆಲ್ಲು ನಿಂತುಹೋಗಿರುತ್ತದೆ. ಹೊಸ ದೀಪದ ಕಟೌಟು 3 ಇಂಚು, ನಮ್ಮ ತೂತು 3.5 ಇಂಚು. ಚಾವಣಿಯಲ್ಲಿ ಅರ್ಧ ಇಂಚಿನ ಅಮಾವಾಸ್ಯೆ. ಆದ್ದರಿಂದ ನಾಲ್ಕಾರು ದೀಪ ಮತ್ತು ಡ್ರೈವರುಗಳನ್ನು ಈಗಲೇ ಹೆಚ್ಚುವರಿ ಕೊಂಡಿಡುವ ಖರ್ಚನ್ನು ಸೇರಿಸಿ. ಮಹಡಿಯ ತಾರಸಿ ಸೋರಿದರೆ ಒಳಗೆ ನೋಡಲು ಒಂದು ಕಿಂಡಿಯನ್ನೂ. ಮಳೆಗಾಲದ ಹುಳು, ಅದರ ಹಿಂದೆ ಬರುವ ಹಲ್ಲಿಗಳ ವಸತಿಗೆ ಪ್ರತ್ಯೇಕ ಬಜೆಟ್ ಬೇಡ; ಅವು ಇರುವುದರಲ್ಲೇ ಹೊಂದಿಕೊಳ್ಳುತ್ತವೆ.

ಕರೆಂಟಿನ ಲೆಕ್ಕವನ್ನೂ ಮಾಡಿದೆ, ಕ್ಷಮಿಸಿ. 40 ದೀಪ, ತಲಾ 10 ವ್ಯಾಟು, ಸಂಜೆ ಐದು ಗಂಟೆ ಉರಿದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಗೃಹಜ್ಯೋತಿಯಲ್ಲಿ ಹಿಂದಿನ ಬಳಕೆಯ ಲೆಕ್ಕವಿಲ್ಲದ ಹೊಸ ಮನೆಗೆ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10, ಒಟ್ಟು 58 ಉಚಿತ. ಎರಡು ಯೂನಿಟ್ ಆಗಲೇ ಮೀರಿತು. ಫ್ರಿಜ್ಜು ಇನ್ನೂ ಪ್ಲಗ್ಗಿಗೆ ಹೋಗಿಲ್ಲ. ಹಾಲಿನ ಹದಿನಾರಕ್ಕೂ ಒಂದೇ ಸ್ವಿಚ್ ಕೊಟ್ಟು ತಾವು ಸ್ವಿಚ್ಚಿನಲ್ಲಿ ಮಾಡಿರುವ ಉಳಿತಾಯ ಮಾತ್ರ ಮೆಚ್ಚುವಂಥದ್ದು. ರಾತ್ರಿ ನೀರು ಕುಡಿಯಲು ಎದ್ದವನಿಗೆ ಮದುವೆ ಮಂಟಪದ ಸ್ವಾಗತ.

ಹೀಗಾಗಿ ನಕ್ಷೆಯನ್ನು ತಿದ್ದಿ ಕಳಿಸಬೇಕೆಂದು ಕೋರಿಕೆ. ಮೊದಲು ಸೋಫಾ, ಮಂಚ, ಮೇಜು, ಫ್ಯಾನುಗಳನ್ನು ಬರೆಯಿರಿ. ಆಮೇಲೆ ಅವುಗಳ ಸುತ್ತ ಬದುಕುವವರನ್ನು ಊಹಿಸಿಕೊಳ್ಳಿ. ಆನಂತರ ಡ್ರಿಲ್ಲಿಂಗ್ ಮಷಿನ್ ಮುಟ್ಟಿ. ಹಾಲಿಗೆ ಅಗಲ ಕಿರಣದ ಆರು ದೀಪ, ಎರಡು ಸ್ವಿಚ್ಚಿನ ಮೇಲೆ. ಅಪ್ಪನ ಕುರ್ಚಿ ಪಕ್ಕ ನಿಲ್ಲಿಸುವ ದೀಪಕ್ಕೊಂದು ಪ್ಲಗ್ ಪಾಯಿಂಟು. ಬಣ್ಣ 3,000 ಕೆಲ್ವಿನ್ನೋ 4,000 ಕೆಲ್ವಿನ್ನೋ ಎಂಬುದನ್ನು ಇಡೀ ಮನೆಗೆ ಒಮ್ಮೆ ನಿರ್ಧರಿಸೋಣ, ಒಂದೇ ಹಾಲಿನಲ್ಲಿ ಅರಿಶಿನವೂ ಸುಣ್ಣವೂ ಬೇಡ. ಬಚ್ಚಲಿನ ಕನ್ನಡಿಗೆ ದೀಪ ನೆತ್ತಿಯ ಮೇಲೆ ಬೇಡ, ಎರಡು ಪಕ್ಕದಲ್ಲಿರಲಿ. ಗಡ್ಡ ಹೆರೆಯುವಾಗ ಗಲ್ಲ ಕಾಣಬೇಕು. ಜಿಪ್ಸಂ ಹೊಡೆಯುವ ಮೊದಲು ಪೈಪು, ವಯರುಗಳ ಫೋಟೊ ತೆಗೆದು ಕೊಡಿ. ಅಡ್ವಾನ್ಸಿನ ಮಾತು ಅದಾದ ಮೇಲೆ.

ಇಂತಿ,
ಚಾವಣಿಯ ಕೆಳಗಿನ ನಿವಾಸಿ

ವಿ.ಸೂ.: ದೇವರಕೋಣೆಯಲ್ಲಿ ವೆಂಕಟರಮಣನ ನೆತ್ತಿಯ ಮೇಲೆ ನೇರವಾಗಿ ಒಂದು ಸ್ಪಾಟ್ ಲೈಟು ಸೂಚಿಸಿದ್ದೀರಿ. ಕಣ್ಣಿಗೆಲ್ಲ ಹುಬ್ಬಿನ ನೆರಳು, ಬಾಯಿಗೆಲ್ಲ ಮೂಗಿನ ನೆರಳು. ಸ್ವಾಮಿ ಪೊಲೀಸ್ ವಿಚಾರಣೆಗೆ ಕೂತ ಹಾಗೆ ಕಾಣುತ್ತಾನೆ. ಅಲ್ಲಿಗೆ ಎರಡು ನಂದಾದೀಪ ಸಾಕು ಎಂದು ಅಮ್ಮ ತೀರ್ಮಾನಿಸಿದ್ದಾರೆ. ಎಣ್ಣೆ ನಮ್ಮದೇ, ಜಿಎಸ್‌ಟಿ ಸೇರಿ.