ಯಾರೂ ಹೊಗಳದ ಖರೀದಿ

ಮನೆಗೆ ಹೊಸ ಫ್ರಿಜ್ಜು ಬಂದರೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡುತ್ತಾರೆ. ಸೋಫಾ ಬಂದರೆ ಕೂತು ನೋಡುತ್ತಾರೆ. ಸಾದಾ ಕುಕ್ಕರಿಗೂ ‘ಎಲ್ಲಿ ತಗೊಂಡ್ರಿ, ಎಷ್ಟಾಯ್ತು’ ಎಂಬಷ್ಟು ಮರ್ಯಾದೆ ಸಿಗುತ್ತದೆ. ಅದೇ ಇಪ್ಪತ್ತು ಸಾವಿರ ಸುರಿದು ಕಾರಿಗೆ ನಾಲ್ಕು ಟೈರು ಹಾಕಿಸಿ ನೋಡಿ. ವಾರಗಟ್ಟಲೆ ಗೇಟಿನ ಮುಂದೆ ನಿಲ್ಲಿಸಿದರೂ ಒಬ್ಬರೂ ಕೇಳುವುದಿಲ್ಲ. ಹಳೆಯದೂ ಕಪ್ಪು, ಹೊಸದೂ ಕಪ್ಪು. ಹಳೆಯದೂ ದುಂಡಗೆ, ಹೊಸದೂ ದುಂಡಗೆ. ಕೇಳುವವಳು ಮನೆಯಾಕೆ ಒಬ್ಬಳೇ: “ಇದ್ದವಕ್ಕೆ ಏನಾಗಿತ್ತು? ಉರುಳ್ತಾ ಇದ್ವಲ್ಲ?”

ಉರುಳುವುದು ಟೈರಿನ ಕೆಲಸಗಳಲ್ಲೆಲ್ಲ ಸುಲಭದ್ದು. ಬೋಳು ಟೈರೂ ಸೊಗಸಾಗಿಯೇ ಉರುಳುತ್ತದೆ. ಕಷ್ಟವಿರುವುದು ನಿಲ್ಲುವುದರಲ್ಲಿ. ಅಜ್ಜಿ, ಮಕ್ಕಳು, ಊರಿಂದ ಬರುವಾಗ ಡಿಕ್ಕಿಗೆ ತುಂಬಿದ ತೆಂಗಿನಕಾಯಿ, ಹಲಸಿನಹಣ್ಣು ಎಲ್ಲ ಸೇರಿ ಟನ್ನು ದಾಟಿದ ಭಾರ ನೆಲ ಮುಟ್ಟುವುದು ಟೈರಿಗೊಂದು ಅಂಗೈಯಗಲದಷ್ಟು ಜಾಗದಲ್ಲಿ. ಶಿರಾಡಿ ಘಾಟಿಯ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಆ ನಾಲ್ಕು ಅಂಗೈಯೇ ಗತಿ. ಟೈರಿನ ಮೇಲಿನ ಗೆರೆಗಳು ಅಂದಕ್ಕೆ ಕೊರೆದವಲ್ಲ. ಅಡಿಗೆ ಸಿಕ್ಕ ನೀರನ್ನು ಆಚೀಚೆ ತಳ್ಳುವುದಕ್ಕಿರುವ ಕಾಲುವೆಗಳು. ಅವು ಸವೆದರೆ ಕಾರು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ತಿರುಗುತ್ತದೆ, ಕಾರು ತಿರುಗುವುದಿಲ್ಲ. ಈ ಗೆರೆಗಳ ತಳದಲ್ಲಿ ಅಡ್ಡಡ್ಡಲಾಗಿ 1.6 ಮಿ.ಮೀ. ಎತ್ತರದ ಪುಟ್ಟ ದಿಣ್ಣೆಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಇಳಿಯಿತೆಂದರೆ ಕಾನೂನಿನ ಪ್ರಕಾರ ಅದರ ಸೇವಾವಧಿ ಮುಗಿಯಿತು. ನಮ್ಮ ರಸ್ತೆಗಳಲ್ಲಿ ಮಾತ್ರ ನಿವೃತ್ತರ ಮರುನೇಮಕಾತಿ ಧಾರಾಳವಾಗಿ ನಡೆದಿರುತ್ತದೆ.

ಹೊಸ ಟೈರಿಗೆ ಹೋಗುವ ಮುಂಚೆ ಹಳೆಯದರ ಎದುರು ಕುಕ್ಕರುಗಾಲಲ್ಲಿ ಕೂತು ನೋಡುವುದು ಒಳ್ಳೆಯದು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಂದೇ ಮಗ್ಗುಲು ಬೋಳಾಗಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ಅದನ್ನು ಸರಿಮಾಡಿಸದೆ ಎಂಥ ಟೈರು ಹಾಕಿಸಿದರೂ ಅದೇ ಮಗ್ಗುಲು ಬೋಳಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಓಡಿಸುವ ಕಾರಾದರೆ ಈ ತಪಾಸಣೆಯನ್ನು ಒಬ್ಬೊಬ್ಬರೇ ಮಾಡುವುದು ಕ್ಷೇಮ.

ನಮ್ಮಂಥವರ ಕಾರುಗಳ ಕಾಯಿಲೆ ಬಹಳ ಸಲ ಸವಕಳಿ ಅಲ್ಲವೇ ಅಲ್ಲ, ಮುಪ್ಪು. ಟ್ಯಾಕ್ಸಿಯ ಟೈರು ದುಡಿದು ಸಾಯುತ್ತದೆ, ಮನೆ ಕಾರಿನದು ನಿಂತಲ್ಲೇ ಸಾಯುತ್ತದೆ. ವಾರಕ್ಕೊಮ್ಮೆ ತರಕಾರಿಗೆ, ತಿಂಗಳಿಗೊಮ್ಮೆ ನಂಜನಗೂಡಿಗೆ, ಉಳಿದಂತೆ ಬಿಸಿಲು. ಗೆರೆ ಇನ್ನೂ ಆಳವಾಗಿಯೇ ಇರುತ್ತದೆ, ರಬ್ಬರು ಮಾತ್ರ ಗಡುಸಾಗಿ ಪಕ್ಕದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತೋರಿಸಿ, ಹತ್ತು ದಾಟಿದ್ದನ್ನು ನೋಡುವುದಕ್ಕೆ ಚೆನ್ನಾಗಿದ್ದರೂ ತೆಗೆಯಿರಿ ಎಂದು ತಯಾರಕರೇ ಹೇಳುತ್ತಾರೆ. ಹೀಗಿರುವಾಗ ‘ಲಕ್ಷ ಕಿಲೋಮೀಟರ್ ಗ್ಯಾರಂಟಿ ಸಾರ್’ ಎಂಬ ಮಾತಿಗೆ ಮರುಳಾಗಿ ಹೆಚ್ಚು ದುಡ್ಡು ಕೊಡುವುದು ಯಾಕೆ? ವರ್ಷಕ್ಕೆ ಆರು ಸಾವಿರ ಓಡಿಸುವವನಿಗೆ ಲಕ್ಷ ಮುಟ್ಟಲು ಹದಿನೇಳು ವರ್ಷ ಬೇಕು. ಅಷ್ಟರಲ್ಲಿ ಕಾರೇ ಇರುವುದಿಲ್ಲ. ಮೇಲಾಗಿ, ಬಹುಕಾಲ ಬಾಳುವ ಗಡುಸು ರಬ್ಬರು ಸಾಮಾನ್ಯವಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಟ್ಟುಕೊಡುತ್ತದೆ.

ಆದ್ದರಿಂದ ಅಂಗಡಿಯಲ್ಲಿ ನಾನು ಮೊದಲು ಕೇಳುವುದು ಬೆಲೆಯನ್ನಲ್ಲ, ಹುಟ್ಟಿದ ದಿನವನ್ನು. ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ಒಂದು ಮೊಟ್ಟೆಯಾಕಾರದ ಚೌಕಟ್ಟು, ಅದರೊಳಗೆ ನಾಲ್ಕು ಅಂಕಿ. 2324 ಎಂದಿದ್ದರೆ 2024ರ 23ನೇ ವಾರದ ಮಾಲು. ಅಂಗಡಿಯಾತ ಆ ಭಾಗವನ್ನೇ ಗೋಡೆ ಕಡೆ ತಿರುಗಿಸಿ ಒರಗಿಸಿದ್ದರೆ ನಾನೂ ಏನೂ ಗೊತ್ತಿಲ್ಲದವನಂತೆ “ಸ್ವಲ್ಪ ತಿರುಗಿಸಿ ಸ್ವಾಮಿ” ಅನ್ನುತ್ತೇನೆ. ವರ್ಷ ದಾಟಿದ ಮಾಲಾದರೆ “ಫ್ರೆಶ್ ಪೀಸ್ ಸಾರ್, ಗೋಡೌನಲ್ಲೇ ಇತ್ತು” ಎಂಬ ಉತ್ತರ ಬರುತ್ತದೆ. ಗೋಡೌನಲ್ಲೇ ಇತ್ತು ಎಂಬುದೇ ನನ್ನ ತಕರಾರು ಕೂಡ.

ಎರಡನೆಯದು ಅಳತೆ. 165/80 ಆರ್14 85ಟಿ ಎಂದರೆ 165 ಮಿ.ಮೀ. ಅಗಲ, ಆ ಅಗಲದ ಶೇ. 80ರಷ್ಟು ಪಕ್ಕದ ಎತ್ತರ, ರೇಡಿಯಲ್, 14 ಅಂಗುಲದ ರಿಮ್ಮು. 85 ಎಂದರೆ ಒಂದು ಟೈರು 515 ಕೆ.ಜಿ. ಹೊರಬಲ್ಲದು. ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗ ತಾಳಬಲ್ಲದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗ ಈ 190ನ್ನು ನೆನೆಸಿಕೊಂಡರೆ ಹೊತ್ತು ಹೋಗುತ್ತದೆ. “ಅಗಲದ್ದು ಹಾಕ್ಸಿ ಮಾವ, ಲುಕ್ ಬರುತ್ತೆ” ಎನ್ನುವ ಅಳಿಯಂದಿರು ಎಲ್ಲರ ಮನೆಯಲ್ಲೂ ಇರುತ್ತಾರೆ. ಲುಕ್ಕಿನ ಜೊತೆಗೆ ಪೆಟ್ರೋಲ್ ಖರ್ಚೂ ಬರುತ್ತದೆ, ಸ್ಟೀರಿಂಗೂ ಭಾರವಾಗುತ್ತದೆ. ಚಾಲಕನ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿ ಯಾವ ಅಳತೆ ಇದೆಯೋ ಅದೇ ಸರಿ.

ಇನ್ನು ಬ್ರ್ಯಾಂಡು. ಇದು ಗೋತ್ರದ ಪ್ರಶ್ನೆ, ವಾದಕ್ಕೆ ಬಗ್ಗದು. ನಮ್ಮ ಭಾವನವರದು ಎಂಆರ್‌ಎಫ್ ಗೋತ್ರ; ಸಚಿನ್ ಬ್ಯಾಟಿನ ಮೇಲೆ ಕಂಡ ಮೂರು ಅಕ್ಷರವನ್ನು ಆಮೇಲೆ ಬಿಟ್ಟವರಲ್ಲ. 1946ರಲ್ಲಿ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಮಕ್ಕಳ ಬಲೂನು ಮಾಡುತ್ತ ಹುಟ್ಟಿದ ಕಂಪನಿ ಅದು. 2023ರ ಜೂನ್‌ನಲ್ಲಿ ಅದರ ಒಂದೇ ಷೇರಿನ ಬೆಲೆ ಲಕ್ಷ ರೂಪಾಯಿ ದಾಟಿತು. ಒಂದು ಷೇರು ಮಾರಿದರೆ ಐದು ಕಾರಿಗೆ ಟೈರು ಬರುತ್ತದೆ ಎಂದು ಭಾವನವರು ಲೆಕ್ಕ ಹೇಳುತ್ತಾರೆ. ಅವರಲ್ಲಿ ಷೇರು ಇಲ್ಲ. ಮೈಸೂರಿನವರಿಗೆ ವಿಕ್ರಾಂತ್ ಮೇಲೆ ಮಮತೆ. 1997ರಲ್ಲಿ ಅದು ಜೆಕೆಯವರ ಪಾಲಾದರೂ ಮಮತೆಗೆ ಮಾಲೀಕತ್ವ ಅಡ್ಡಿಯಲ್ಲ. ಹೆಸರಾಂತ ನಾಲ್ಕಾರು ಕಂಪನಿಗಳ ಮಧ್ಯಮ ದರ್ಜೆಯ ಟೈರುಗಳಲ್ಲಿ ಮನೆ ಕಾರಿಗೆ ಕಾಣುವ ವ್ಯತ್ಯಾಸ ಅಷ್ಟಕ್ಕಷ್ಟೆ ಎಂಬುದು ನನ್ನ ಅಭಿಪ್ರಾಯ. ಭಾವನವರ ಮುಂದೆ ಹೇಳುವುದಿಲ್ಲ.

ಹಾಗೆಂದು ಟೈರು ಕಂಪನಿಗಳನ್ನು ಹಗುರವಾಗಿ ಕಾಣುವಂತಿಲ್ಲ. ಜನ ಕಾರು ಹೆಚ್ಚು ಓಡಿಸಲಿ, ಟೈರು ಬೇಗ ಸವೆಯಲಿ ಎಂದು ಫ್ರಾನ್ಸಿನ ಮಿಶೆಲಿನ್ ಕಂಪನಿ 1900ರಲ್ಲಿ ಪ್ರವಾಸ ಕೈಪಿಡಿಯನ್ನೇ ಅಚ್ಚುಹಾಕಿ ಹಂಚಿತು. ಇಂದು ದೊಡ್ಡ ದೊಡ್ಡ ಹೋಟೆಲುಗಳು ಬಾಯಿ ಬಿಡುವ ಮಿಶೆಲಿನ್ ಸ್ಟಾರುಗಳು ಆ ಪುಸ್ತಕದಿಂದಲೇ ಬಂದವು. ನಮ್ಮಲ್ಲಿ ಆ ಖರ್ಚು ಬೇಕಿಲ್ಲ, ಮದುವೆ ಕಾಗದಗಳೇ ಸಾಕು.

ಬಿಲ್ಲು ಬೆಳೆಯುವುದು ಕೊನೆಯಲ್ಲಿ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್ ಇವಕ್ಕೆ ಕೊಡುವ ದುಡ್ಡು ನ್ಯಾಯವಾದದ್ದು. ನೈಟ್ರೋಜನ್ ಎಂದಾಗ ನಾನು ಕೈಮುಗಿಯುತ್ತೇನೆ. ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಉಳಿದದ್ದಕ್ಕೆ ಯಾಕೆ ಜಗಳ? 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ. ಎರಡೇ ಕೊಳ್ಳುವುದಾದರೆ ಹೊಸವನ್ನು ಹಿಂದಕ್ಕೆ ಹಾಕಿಸಿ. ಹುಡುಗ ಮುಂದಕ್ಕೇ ಹಾಕಲು ಹೊರಡುತ್ತಾನೆ, ಬಿಡಬೇಡಿ. ಮಳೆಯಲ್ಲಿ ಮುಂದಿನದು ಜಾರಿದರೆ ವೇಗ ಇಳಿಸಿ ಹೇಗೋ ಸಂಭಾಳಿಸಬಹುದು, ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ.

ಕಡೆಯದಾಗಿ ಒಂದು ವಿನಂತಿ. ‘ಇರಲಿ, ಯಾವುದಕ್ಕಾದರೂ ಬರುತ್ತೆ’ ಎಂದು ಹಳೇ ಟೈರುಗಳನ್ನು ಮನೆಗೆ ಹೊತ್ತು ತರಬೇಡಿ, ಅಂಗಡಿಯಲ್ಲೇ ಬಿಟ್ಟು ಬನ್ನಿ. ತಾರಸಿಯ ಮೂಲೆ ಸೇರಿದ ಟೈರಿನಲ್ಲಿ ಮಳೆ ನೀರು ನಿಲ್ಲುತ್ತದೆ, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಅಲ್ಲೇ.